ವ್ಯಾನಿನೊಳಗೆ ಒಂದು ದೀಪ

ಗೂಡಲೂರಿನಿಂದ ಮೈಸೂರಿನ ಕಡೆಗೆ ಹೊರಟ ವಾಹನವು ರಾತ್ರಿ ಒಂಬತ್ತು ಗಂಟೆಯೊಳಗೆ ತೊರಪಳ್ಳಿಯ ತಪಾಸಣಾ ಠಾಣೆಯನ್ನು ದಾಟದಿದ್ದಲ್ಲಿ, ಮರುದಿನ ಬೆಳಗಿನ ಆರು ಗಂಟೆಯವರೆಗೆ ಕಾಯಬೇಕಾಗುವುದು ನಮ್ಮ ಜಿಲ್ಲೆಯವರಿಗೆಲ್ಲ ತಿಳಿದ ಸಂಗತಿ. ಬಂಡೀಪುರ ಮತ್ತು ಮುದುಮಲೆ ಅರಣ್ಯಗಳನ್ನು ಹಾದುಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಂದಿನಿಂದ, ಕಾಡಿನ ಎರಡು ಅಂಚುಗಳಲ್ಲಿಯೂ ವಾಹನಗಳ ಸಾಲು ಬೆಳಗನ್ನು ಎದುರುನೋಡುತ್ತ ನಿಲ್ಲುತ್ತದೆ. ಆ ನಿರ್ಬಂಧವು ವನ್ಯಮೃಗಗಳ ಪ್ರಾಣರಕ್ಷಣೆಗಾಗಿ ಆದದ್ದು. ಅದರ ಔಚಿತ್ಯದ ಚರ್ಚೆ ಈ ಲೇಖನದ ಉದ್ದೇಶವಲ್ಲ. ಒಂಬತ್ತು ಗಂಟೆಗಳ ಕಾಲ ವ್ಯಾನೇ ಮನೆಯಾಗುವವರಿಗೆ ಆ ಮನೆಯ ದೀಪ ಹೇಗಿರಬೇಕೆಂಬುದಷ್ಟೇ ಇಲ್ಲಿನ ವಿಷಯ.

ವ್ಯಾನಿನ ವಾಸವು ಈಗ ಸರಕು ಸಾಗಿಸುವವರಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಒಳಗೆ ಹಲಗೆಯ ಮಂಚ, ಸಣ್ಣದೊಂದು ಕಪಾಟು, ನೀರಿನ ಡಬ್ಬ ಇವುಗಳನ್ನು ಅಳವಡಿಸಿಕೊಂಡು ಸಂಸಾರಸಮೇತರಾಗಿ ಪ್ರವಾಸ ಹೊರಡುವವರು ಉದಕಮಂಡಲದ ರಸ್ತೆಗಳಲ್ಲಿ ಕಾಣಸಿಗುತ್ತಾರೆ. ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿಯೂ ವಾಹನದ ಉದ್ಯೋಗವನ್ನು ನೆಚ್ಚಿದವರು ಕಡಿಮೆಯೇನಲ್ಲ. ಭೌತಶಾಸ್ತ್ರದ ಪಾಠದಲ್ಲಿ ಓಮನ ನಿಯಮವನ್ನು ಬಾಯಿಪಾಠ ಮಾಡಿದ ಅವರಿಗೆ, ಅದೇ ನಿಯಮವು ತಮ್ಮ ತಲೆಯ ಮೇಲಿನ ತಗಡಿನ ಕೆಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಸಲು ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯು ಒಂದು ಅವಕಾಶವೆಂದು ಭಾವಿಸಿದ್ದೇನೆ.

ಸಾಮಾನ್ಯವಾಗಿ ಜನರು ಅನುಸರಿಸುವ ಮಾರ್ಗಗಳು ಮೂರು. ಮೊದಲನೆಯದು, ವಾಹನದೊಡನೆ ಬಂದ ಛಾವಣಿಯ ದೀಪವನ್ನೇ ಉರಿಸುವುದು. ಹಳೆಯ ವ್ಯಾನುಗಳಲ್ಲಿ ಇದು ತಂತಿಯ ಬಲ್ಬು; 10 ವ್ಯಾಟಿನದಾದರೆ ಒಂಬತ್ತು ಗಂಟೆಗಳಲ್ಲಿ ಏಳೂವರೆ ಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಎಂಜಿನ್ನಿನ ಬ್ಯಾಟರಿಯಿಂದ ಹೀರುತ್ತದೆ. ಹೊಸ ಬ್ಯಾಟರಿಯು ಇದನ್ನು ತಾಳಿಕೊಂಡೀತು. ಮೂರು ನಾಲ್ಕು ವರ್ಷ ದುಡಿದು ಅರ್ಧ ಶಕ್ತಿಗೆ ಇಳಿದ ಬ್ಯಾಟರಿಯು ಚಳಿಯ ಬೆಳಗಿನಲ್ಲಿ ಎಂಜಿನ್ನನ್ನು ತಿರುಗಿಸಲಾರದೆ ಟಕ್ಕೆಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಎರಡನೆಯದು, ಮನೆಯ 230 ವೋಲ್ಟಿನ ಬಲ್ಬನ್ನೇ ಉರಿಸಲು ಸಣ್ಣ ಇನ್‌ವರ್ಟರೊಂದನ್ನು ತಂದಿಡುವುದು. ಹನ್ನೆರಡು ವೋಲ್ಟನ್ನು ಇನ್ನೂರಮೂವತ್ತಕ್ಕೆ ಏರಿಸಿ, ಬಲ್ಬಿನೊಳಗಣ ಮಂಡಲದಲ್ಲಿ ಮತ್ತೆ ಇಳಿಸುವ ಈ ಏರಿಳಿತವೇ ಒಂದು ವೆಚ್ಚ. ಏನನ್ನೂ ಉರಿಸದೆ ಬರಿದೆ ಕುಳಿತಾಗಲೂ ಇಂತಹ ಪೆಟ್ಟಿಗೆಯು ಅರ್ಧ ಆಂಪಿಯರಿನ ಆಸುಪಾಸು ತಿನ್ನುತ್ತಿರುತ್ತದೆ. ಕೆಳಗೆ ಹೇಳಲಿರುವ ದೀಪಗಳೆಲ್ಲ ಒಟ್ಟಾಗಿ ಬೇಡುವುದು ಅದಕ್ಕಿಂತ ತುಸುವೇ ಹೆಚ್ಚು. ಮೂರನೆಯ ಮಾರ್ಗ ಮೇಣದ ಬತ್ತಿ, ಸೀಮೆಎಣ್ಣೆಯ ದೀಪ, ಇಲ್ಲವೆ ಬೆಳಕೂ ಆಯಿತು ಬಿಸಿಯೂ ಆಯಿತು ಎಂದು ಇಡುವ ಇದ್ದಿಲಿನ ಅಗ್ಗಿಷ್ಟಿಕೆ. ಇದರ ವಿಷಯವನ್ನು ಮುಂದೆ ಬೇರೆಯಾಗಿಯೇ ಹೇಳಬೇಕಾಗಿದೆ.

ಈ ಮೂರನ್ನೂ ಬಿಟ್ಟು, ಹನ್ನೆರಡು ವೋಲ್ಟಿನ ಪ್ರತ್ಯೇಕ ಬ್ಯಾಟರಿಯಿಂದ ನೇರವಾಗಿ ಉರಿಯುವ ಎಲ್.ಇ.ಡಿ. ದೀಪಗಳನ್ನು ಅಳವಡಿಸುವುದೇ ಅಗ್ಗದ ಮತ್ತು ಕ್ಷೇಮದ ಮಾರ್ಗ. ಆದರೆ ಹನ್ನೆರಡು ವೋಲ್ಟು ಮುಟ್ಟಿದರೆ ಜುಮ್ಮೆನ್ನುವುದಿಲ್ಲವೆಂಬ ಧೈರ್ಯದಿಂದ ಅದನ್ನು ಲಘುವಾಗಿ ಕಾಣುವವರು ಬಹಳ. ವಾಸ್ತವದಲ್ಲಿ ಕಡಿಮೆ ವೋಲ್ಟೇಜಿನ ವ್ಯವಸ್ಥೆಯಲ್ಲಿ ದೇಹಕ್ಕೆ ಅಪಾಯ ಕಡಿಮೆ, ತಂತಿಗೆ ಅಪಾಯ ಹೆಚ್ಚು.

ಇದನ್ನು ಅರಿಯಲು ನಮ್ಮ ನಾಡಿನದೇ ನಿದರ್ಶನವೊಂದಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ, ದೂರವು ಸುಮಾರು 147 ಕಿಲೋಮೀಟರು. ಅಷ್ಟು ದೂರ ಒಯ್ಯಲು ಅಂದಿನ ಎಂಜಿನಿಯರುಗಳು ವೋಲ್ಟೇಜನ್ನು ಮೂವತ್ತು ಸಾವಿರಕ್ಕೂ ಮೇಲೆ ಏರಿಸಿದರು. ಕಾರಣ ಸರಳವಾದದ್ದು. ವ್ಯಾಟ್ ಎಂಬುದು ವೋಲ್ಟ್ ಮತ್ತು ಆಂಪಿಯರುಗಳ ಗುಣಲಬ್ಧ; ವೋಲ್ಟನ್ನು ಏರಿಸಿದಂತೆ ಅದೇ ಶಕ್ತಿಗೆ ಬೇಕಾದ ಪ್ರವಾಹವು ಇಳಿಯುತ್ತದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ನೀಲಗಿರಿಯಲ್ಲಿಯೇ 1932ರಿಂದ ಪೈಕಾರಾ ಜಲವಿದ್ಯುತ್ತು ಬಯಲುಸೀಮೆಗೆ ಇಳಿದು ಹೋದದ್ದೂ ಈ ತತ್ತ್ವದ ಮೇಲೆಯೇ. ವ್ಯಾನಿನಲ್ಲಿ ನಾವು ಮಾಡುವುದು ಇದಕ್ಕೆ ತಿರುಗುಮುರುಗಾದದ್ದು. 10 ವ್ಯಾಟಿನ ದೀಪಕ್ಕೆ ಮನೆಯ 230 ವೋಲ್ಟಿನಲ್ಲಿ 0.043 ಆಂಪಿಯರು ಸಾಕು. ಹನ್ನೆರಡು ವೋಲ್ಟಿನಲ್ಲಿ 0.83 ಆಂಪಿಯರು ಬೇಕು. ಪ್ರವಾಹವು ಹತ್ತೊಂಬತ್ತು ಪಟ್ಟು ಹೆಚ್ಚಿತು, ಅದೇ ತಂತಿಯಲ್ಲಿನ ನಷ್ಟವು ಮುನ್ನೂರ ಅರವತ್ತು ಪಟ್ಟಿಗೂ ಮೀರಿತು. ಆದುದರಿಂದಲೇ ಕರೆಗಂಟೆಗೆ ಬಳಸುವ ಕೂದಲೆಳೆಯ ವೈರು ಇಲ್ಲಿ ಸಲ್ಲದು.

ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯಿಂದ ದೀಪದವರೆಗೆ ನಾಲ್ಕು ಮೀಟರು ದೂರವೆಂದರೆ, ಹೋಗಿಬರುವ ತಂತಿಯ ಉದ್ದ ಎಂಟು ಮೀಟರು. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.02 ಓಮ್ ರೋಧ. ಎಂಟು ಮೀಟರಿಗೆ 0.16 ಓಮ್. ದೀಪಗಳ ಜೊತೆಗೆ ಒಂದು ಮೊಬೈಲ್ ಫೋನೂ ಸೇರಿ 2.8 ಆಂಪಿಯರು ಹರಿದರೆ ತಂತಿಯಲ್ಲಿ ಕಳೆದುಹೋಗುವುದು 0.45 ವೋಲ್ಟು ಮಾತ್ರ. ಅದರ ಐದನೆಯ ಒಂದು ಪಾಲು ದಪ್ಪದ ವೈರನ್ನು ಎಳೆದಿದ್ದರೆ ಎರಡೂಕಾಲು ವೋಲ್ಟು ದಾರಿಯಲ್ಲಿಯೇ ಮಾಯವಾಗುತ್ತದೆ. ದೀಪವು ಮಂಕಾಗುತ್ತದೆ, ತಂತಿ ಬಿಸಿಯಾಗುತ್ತದೆ. ದಪ್ಪ ವೈರಿಗೆ ಕೊಡುವ ಹೆಚ್ಚಿನ ಹಣ ಕೆಲವು ಹತ್ತು ರೂಪಾಯಿಗಳಷ್ಟೆ. ಇಡೀ ವ್ಯವಸ್ಥೆಯಲ್ಲಿ ಇಷ್ಟು ಅಗ್ಗವಾಗಿ ಕೊಳ್ಳಬಹುದಾದ ನೆಮ್ಮದಿ ಬೇರೊಂದಿಲ್ಲ.

ಇನ್ನು ಬೆಳಕಿನ ಪ್ರಮಾಣ. ತಂತಿಯ ಬಲ್ಬು ಒಂದು ವ್ಯಾಟಿಗೆ ಹನ್ನೆರಡರಿಂದ ಹದಿನೈದು ಲ್ಯೂಮೆನ್ ಬೆಳಕನ್ನು ಕೊಟ್ಟರೆ, ಇಂದಿನ ಸಾಧಾರಣ ಎಲ್.ಇ.ಡಿ.ಯು ಎಂಬತ್ತರಿಂದ ನೂರು ಲ್ಯೂಮೆನ್ ಕೊಡುತ್ತದೆ. ಜಪಾನಿನ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ವಿಜ್ಞಾನಿಗಳು ನೀಲಿ ಎಲ್.ಇ.ಡಿ.ಯನ್ನು ಸಾಧಿಸಿ 2014ರ ನೊಬೆಲ್ ಪುರಸ್ಕಾರವನ್ನು ಪಡೆದರು. ಆ ನೀಲಿಯ ಮೇಲೆ ಹಳದಿ ರಂಜಕದ ಲೇಪವನ್ನು ಕೊಟ್ಟಾಗ ದೊರೆತದ್ದೇ ಬಿಳಿಯ ಬೆಳಕು. ಕೈಮಗ್ಗದಷ್ಟು ಅಗಲದ ವ್ಯಾನಿಗೆ ನಾಲ್ಕುನೂರು ಲ್ಯೂಮೆನ್, ಎಂದರೆ ನಾಲ್ಕೈದು ವ್ಯಾಟು, ಛಾವಣಿಯಿಂದ ಬಿದ್ದರೆ ಊಟಕ್ಕೂ ಮಾತಿಗೂ ಧಾರಾಳವಾಗುತ್ತದೆ. ಓದುವುದಕ್ಕೆ ಮಾತ್ರ ತಲೆಯ ಬಳಿ ಬೇರೆ ದೀಪ ಬೇಕು.

ದೀಪವನ್ನು ಕೊಳ್ಳುವ ಮುನ್ನ ಅದು ಬೇಕಾದದ್ದು ಎಲ್ಲಿ, ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಮನೆಗಳಿಗೆ ಸೌರಶಕ್ತಿಯ ದೀಪಗಳನ್ನು ಒದಗಿಸುವಾಗ ಈ ಪ್ರಶ್ನೆಯನ್ನೇ ಮುಂದಿಟ್ಟಿತು. ತಳ್ಳುಗಾಡಿಯ ವ್ಯಾಪಾರಿಗೆ ಬೇಕಾದ ಬೆಳಕು ಬೇರೆ, ಹೊಲಿಗೆ ಮಾಡುವಾಕೆಗೆ ಬೇಕಾದದ್ದು ಬೇರೆ ಎಂಬ ವಿವೇಕದಿಂದ ಸಣ್ಣ ಬ್ಯಾಟರಿಯೂ ಕೆಲವೇ ವ್ಯಾಟುಗಳೂ ಸಾಕಾದವು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆತದ್ದನ್ನು ಓದುಗರು ಬಲ್ಲರು. ಹಳ್ಳಿಮನೆಯ ಹನ್ನೆರಡು ವೋಲ್ಟಿನ ಆ ವ್ಯವಸ್ಥೆಗೂ ವ್ಯಾನಿನ ವ್ಯವಸ್ಥೆಗೂ ತತ್ತ್ವದಲ್ಲಿ ಭೇದವಿಲ್ಲ, ಗಾಲಿಗಳಿರುವುದೊಂದೇ ವ್ಯತ್ಯಾಸ.

ಆ ಪ್ರಶ್ನೆಯನ್ನು ವ್ಯಾನಿಗೆ ಕೇಳಿದರೆ ಬರುವ ಉತ್ತರವಿದು: ಛಾವಣಿಯಲ್ಲಿ 5 ವ್ಯಾಟಿನ ಒಂದು ಮೀಟರು ಉದ್ದದ ಪಟ್ಟಿದೀಪ, ಮಂಚದ ಎರಡು ತುದಿಗಳಲ್ಲಿ ತಲಾ 2 ವ್ಯಾಟಿನ ಓದುದೀಪ, ಬಾಗಿಲ ಬಳಿ ಪಾದದ ಮಟ್ಟದಲ್ಲಿ ಅರ್ಧ ವ್ಯಾಟಿನ ಪುಟ್ಟ ದೀಪ. ಕೊನೆಯದು ರಾತ್ರಿಯಿಡೀ ಉರಿಯಲಿ. ನಡುರಾತ್ರಿಯಲ್ಲಿ ಎದ್ದ ವೃದ್ಧರು ಎಡವದಂತೆ ಕಾಯುವುದು ಅದೇ. ಪಟ್ಟಿದೀಪವನ್ನು ಮೂರು ಗಂಟೆ, ಓದುದೀಪಗಳನ್ನು ಎರಡು ಗಂಟೆ, ಪಾದದ ದೀಪವನ್ನು ಎಂಟು ಗಂಟೆ ಉರಿಸಿದರೆ ಒಟ್ಟು ವೆಚ್ಚ 27 ವ್ಯಾಟ್-ಗಂಟೆ, ಅಂದರೆ ಹನ್ನೆರಡು ವೋಲ್ಟಿನಲ್ಲಿ 2.25 ಆಂಪಿಯರ್-ಗಂಟೆ. ಬಣ್ಣವು ನೀಲಿಬಿಳುಪಿನದಾಗದೆ ಹಳದಿಬಿಳುಪಿನದಾದರೆ ಕಣ್ಣಿಗೆ ಹಿತ, ನಿದ್ರೆಗೂ ಹಿತ.

ಇಷ್ಟು ವೆಚ್ಚಕ್ಕೆ ದೊಡ್ಡ ಬ್ಯಾಟರಿ ಬೇಕೇ? ಬೇಡ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದುಮಾಡುತ್ತಿದ್ದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಈ ನಿಯಮಕ್ಕೆ ಒಳಪಟ್ಟರೂ ಕಂಪ್ಯೂಟರಿನ ಯು.ಪಿ.ಎಸ್. ಪೆಟ್ಟಿಗೆಯಲ್ಲಿರುವಂತಹ 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿಯಿಂದ ಮೂರೂವರೆ ಆಂಪಿಯರ್-ಗಂಟೆ ದೊರೆಯುತ್ತದೆ. ಒಂದು ರಾತ್ರಿಗೆ ಸಾಕು. ಇಲ್ಲಿ ಅಚ್ಚರಿಯ ಸಂಗತಿಯೊಂದಿದೆ. ಬರಿದಾದ ಒಂದು ಮೊಬೈಲ್ ಫೋನನ್ನು ತುಂಬಿಸಲು ಸುಮಾರು ಎರಡು ಆಂಪಿಯರ್-ಗಂಟೆ ಬೇಕು. ಎಂದರೆ ಒಂದು ಫೋನು ತಿನ್ನುವುದೂ ವ್ಯಾನಿನ ದೀಪಗಳೆಲ್ಲ ರಾತ್ರಿಯಿಡೀ ತಿನ್ನುವುದೂ ಹೆಚ್ಚುಕಡಿಮೆ ಒಂದೇ. ಮನೆಮಂದಿಯ ಫೋನುಗಳಿಗೆಲ್ಲ ಇದೇ ಬ್ಯಾಟರಿ ಆಧಾರವಾಗುವುದಾದರೆ 18 ಆಂಪಿಯರ್-ಗಂಟೆಯದನ್ನು ಆರಿಸಿಕೊಳ್ಳುವುದು ಲೇಸು.

ಚಳಿಯ ಲೆಕ್ಕವನ್ನೂ ಇಡಬೇಕು. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ. ಡಿಸೆಂಬರ್, ಜನವರಿಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿಯು ಹೆಪ್ಪುಗಟ್ಟಿ ಬೆಳ್ಳಗಾಗುವುದು ಇಲ್ಲಿನವರಿಗೆ ಹೊಸದಲ್ಲ. ಸೊನ್ನೆ ಡಿಗ್ರಿಯ ಸಮೀಪದಲ್ಲಿ ಸೀಸದ ಬ್ಯಾಟರಿಯು ತನ್ನ ಸಾಮರ್ಥ್ಯದ ಐದನೆಯ ಒಂದು ಪಾಲನ್ನು ಕಳೆದುಕೊಂಡಂತೆಯೇ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಹೊಸ ಬಗೆಯದು ಹಗುರ, ಬಾಳಿಕೆಯೂ ಹೆಚ್ಚು, ನೂರಕ್ಕೆ ಎಂಬತ್ತು ಪಾಲು ಬಳಸಬಹುದು. ಬೆಲೆ ಮಾತ್ರ ಎರಡು ಪಟ್ಟಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದರಿಂದ ವಿದ್ಯುತ್ತನ್ನು ತೆಗೆಯಬಹುದೇ ಹೊರತು ಅದಕ್ಕೆ ತುಂಬಬಾರದು. ತುಂಬಿದರೆ ಒಳಗೆ ಲೋಹವು ಕಟ್ಟಿಕೊಂಡು ಕೋಶವು ಕೆಡುತ್ತದೆ. ಹಿಮ ಬಿದ್ದ ಬೆಳಗಿನಲ್ಲಿ ಹೊರಗೆ ನಿಂತ ವ್ಯಾನಿನ ಎಂಜಿನ್ನನ್ನು ಹಚ್ಚಿದೊಡನೆ ತುಂಬಿಸಲು ಹೊರಡುವವರು ಇದನ್ನು ನೆನಪಿಡಬೇಕು. ಮಸಿನಗುಡಿ, ಗೂಡಲೂರುಗಳು ಸಾಕಷ್ಟು ಕೆಳಗಿರುವುದರಿಂದ ಅಲ್ಲಿ ಈ ತೊಡಕಿಲ್ಲ.

ಬ್ಯಾಟರಿಯ ಸ್ಥಿತಿಯನ್ನು ಅರಿಯಲು ದುಬಾರಿ ಉಪಕರಣ ಬೇಡ. ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಬೆರಳುಗಾತ್ರದ ವೋಲ್ಟ್ ಮಾಪಕವೊಂದು ಸಾಕು. ದೀಪಗಳನ್ನೆಲ್ಲ ಆರಿಸಿ ತುಸು ಹೊತ್ತು ಬಿಟ್ಟು ನೋಡಿದಾಗ ಸೀಸದ ಬ್ಯಾಟರಿಯು 12.7 ತೋರಿದರೆ ತುಂಬಿದೆ, 12.2 ತೋರಿದರೆ ಅರ್ಧವಾಗಿದೆ, 11.8 ತೋರಿದರೆ ಬರಿದಾಗಿದೆ. ಹನ್ನೆರಡಕ್ಕೆ ಇಳಿಯುವ ಮೊದಲೇ ಪಟ್ಟಿದೀಪವನ್ನು ಆರಿಸಿ ಪಾದದ ದೀಪವೊಂದನ್ನು ಉಳಿಸಿಕೊಳ್ಳುವುದು ಜಾಣತನ.

ಈಗ ಹೆಚ್ಚಿನವರು ಅರಿಯದ ಒಂದು ಸೂಕ್ಷ್ಮಕ್ಕೆ ಬರೋಣ. ಅಗ್ಗದ ಪಟ್ಟಿದೀಪಗಳು ಕೆಲವೇ ತಿಂಗಳುಗಳಲ್ಲಿ ಮಿಣುಕಿ, ಅಲ್ಲಲ್ಲಿ ಮೂರು ಮೂರು ಚುಕ್ಕೆಗಳು ಆರಿಹೋಗುವುದನ್ನು ನೋಡಿ, ಮಾಲು ಕೆಟ್ಟದ್ದೆಂದು ಅಂಗಡಿಯವನನ್ನು ಬೈಯುವುದುಂಟು. ಪ್ರತಿ ಬಾರಿಯೂ ಅವನ ತಪ್ಪೇ ಎನ್ನಲಾಗದು. ಆ ಪಟ್ಟಿಯಲ್ಲಿ ಮೂರು ಎಲ್.ಇ.ಡಿ.ಗಳನ್ನು ಸಾಲಾಗಿ ಜೋಡಿಸಿ, ಜೊತೆಗೆ ಒಂದು ರೋಧಕವನ್ನು ಇಟ್ಟಿರುತ್ತಾರೆ. ಮೂರೂ ಸೇರಿ ಹೆಚ್ಚುಕಡಿಮೆ 9.4 ವೋಲ್ಟನ್ನು ಹಿಡಿದುಕೊಳ್ಳುತ್ತವೆ. ಉಳಿದದ್ದು ರೋಧಕದ ಪಾಲು. ಹನ್ನೆರಡು ವೋಲ್ಟಿದ್ದಾಗ ರೋಧಕಕ್ಕೆ ಬರುವುದು 2.6 ವೋಲ್ಟು. ಎಂಜಿನ್ನು ಓಡುವಾಗ ಆಲ್ಟರ್ನೇಟರು ವ್ಯವಸ್ಥೆಯ ವೋಲ್ಟೇಜನ್ನು 14.4ರವರೆಗೆ ಏರಿಸುತ್ತದೆ, ಆಗ ರೋಧಕದ ಪಾಲು ಐದು ವೋಲ್ಟು. ಎಂದರೆ ವೋಲ್ಟೇಜು ನೂರಕ್ಕೆ ಇಪ್ಪತ್ತು ಏರಿದರೆ ಪ್ರವಾಹವು ಹೆಚ್ಚುಕಡಿಮೆ ಇಮ್ಮಡಿಯಾಯಿತು! ಎಲ್.ಇ.ಡಿ.ಗೆ ಶಾಖವೇ ಶತ್ರು. ಆದುದರಿಂದ 10ರಿಂದ 30 ವೋಲ್ಟಿನವರೆಗೆ ಎಂದು ನಮೂದಿಸಿರುವ, ಒಳಗೆ ಪ್ರವಾಹ ನಿಯಂತ್ರಕವುಳ್ಳ ದೀಪಗಳನ್ನು ಕೊಳ್ಳಬೇಕು. ಪಟ್ಟಿದೀಪವೇ ಬೇಕೆಂದಾದರೆ ಅದಕ್ಕೂ ಬ್ಯಾಟರಿಗೂ ನಡುವೆ ವೋಲ್ಟೇಜನ್ನು ಹನ್ನೊಂದೂವರೆಗೆ ಇಳಿಸಿ ನಿಲ್ಲಿಸುವ ಚಿಕ್ಕ ಫಲಕವೊಂದನ್ನು ಇಡಬೇಕು. ಬೆಳಕು ತುಸು ಕಡಿಮೆಯಾದದ್ದು ಕಣ್ಣಿಗೆ ತಿಳಿಯುವುದೂ ಇಲ್ಲ. ಪಟ್ಟಿಯ ಬಾಳಿಕೆ ಹಲವು ಪಟ್ಟು ಹೆಚ್ಚುತ್ತದೆ.

ಪಟ್ಟಿಯ ಹಿಂಬದಿಯ ಅಂಟನ್ನು ನಂಬಬಾರದು. ಮುಚ್ಚಿದ ವ್ಯಾನಿನಲ್ಲಿ ಇಬ್ಬರು ಮಲಗಿದರೆ ಅವರ ಉಸಿರಿನ ಆವಿಯೇ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಅಂಟು ಬಿಟ್ಟು ಪಟ್ಟಿಯು ಮುಖದ ಮೇಲೆ ಜೋತಾಡುತ್ತಿರುತ್ತದೆ. ಅಲ್ಯೂಮಿನಿಯಂ ಕಾಲುವೆಯೊಳಗೆ ಕೂರಿಸಿ, ಆ ಕಾಲುವೆಯನ್ನು ಸ್ಕ್ರೂಗಳಿಂದ ಮರದ ಪಟ್ಟಿಗೆ ಬಿಗಿದರೆ ಭದ್ರವೂ ಆಯಿತು, ಶಾಖವೂ ಹರಡಿತು. ನಮ್ಮ ಜಿಲ್ಲೆಯ ತೇವವನ್ನು ಹೊರಗಿನವರು ಊಹಿಸಲಾರರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮಿಕ್ಕಿ ಮಳೆ ಬಿದ್ದ ಸೀಮೆಯಿದು. ಸಿಲಿಕೋನ್ ಹೊದಿಕೆಯ ಪಟ್ಟಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ನಷ್ಟವಲ್ಲ.

ಇದುವರೆಗಿನ ಮಾತುಗಳಲ್ಲಿ ಯಾವುದನ್ನು ಮರೆತರೂ ಒಂದು ದೀಪ ಕೆಟ್ಟೀತು, ಅಷ್ಟೆ. ಮುಂದಿನದನ್ನು ಮರೆತರೆ ವ್ಯಾನೇ ಸುಟ್ಟುಹೋಗಬಹುದು. ಒಳಗೆ ಮಲಗಿರುವವರು ಮನೆಮಂದಿ. ಅಂಗೈಯಗಲದ 7 ಆಂಪಿಯರ್-ಗಂಟೆಯ ಬ್ಯಾಟರಿಯು ಕೂಡ, ಅದರ ಎರಡು ಧ್ರುವಗಳು ತಂತಿಯ ಮೂಲಕ ನೇರವಾಗಿ ಕೂಡಿಕೊಂಡರೆ ಕ್ಷಣಮಾತ್ರದಲ್ಲಿ ನೂರು ಆಂಪಿಯರಿಗೂ ಮೀರಿದ ಪ್ರವಾಹವನ್ನು ಸುರಿಯಬಲ್ಲದು; ಎಂಜಿನ್ನಿನ ಬ್ಯಾಟರಿಯಾದರೆ ಹಲವು ನೂರು. ಒಂದು ಚದರ ಮಿಲಿಮೀಟರಿನ ವೈರು ಆಗ ಬಲ್ಬಿನೊಳಗಣ ತಂತಿಯಂತೆ ಕೆಂಪಗೆ ಕಾಯುತ್ತದೆ. ಅದರ ಹೊದಿಕೆ ಉರಿಯುತ್ತದೆ. ಹೊದಿಕೆಯ ಪಕ್ಕದಲ್ಲಿ ಪ್ಲೈವುಡ್ಡು, ಸ್ಪಂಜಿನ ಹಾಸಿಗೆ, ಕಿಟಕಿಯ ಪರದೆ. ಬ್ಯಾಟರಿಯ ಧನ ಧ್ರುವದಿಂದ ಹೊರಟ ತಂತಿಯು ಒಂದು ಗೇಣು ಸಾಗುವುದರೊಳಗೆ ಫ್ಯೂಸು ಇರಲೇಬೇಕು. ದೀಪದ ಬಳಿ ಫ್ಯೂಸನ್ನಿಟ್ಟು ನಿಶ್ಚಿಂತರಾಗುವವರಿದ್ದಾರೆ. ಬ್ಯಾಟರಿಗೂ ಆ ಫ್ಯೂಸಿಗೂ ನಡುವಣ ಮೂರು ಮೀಟರು ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿ ಕೂಡಿಕೊಂಡರೆ ಆ ಫ್ಯೂಸಿನ ಗೊಡವೆಗೇ ಪ್ರವಾಹ ಬರುವುದಿಲ್ಲ. ಫ್ಯೂಸು ಕಾಯುವುದು ತಂತಿಯನ್ನು, ದೀಪವನ್ನಲ್ಲ.

ಆದುದರಿಂದ ಫ್ಯೂಸಿನ ಮೌಲ್ಯವನ್ನು ತಂತಿಯ ದಪ್ಪವನ್ನು ನೋಡಿ ನಿರ್ಧರಿಸಬೇಕು. ಮೇಲೆ ಹೇಳಿದ ವೈರಿಗೆ 5 ಆಂಪಿಯರಿನದು ತಕ್ಕುದು. ಫ್ಯೂಸು ಪದೇ ಪದೇ ಹೋಗುತ್ತದೆಂದು ಕೆಂಪು ಬಣ್ಣದ 10 ಆಂಪಿಯರಿನದನ್ನು ಚುಚ್ಚುವುದಾಗಲಿ, ಸಿಗರೇಟಿನ ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತುವುದಾಗಲಿ ಸರ್ವಥಾ ಕೂಡದು. ಫ್ಯೂಸು ಹೋಯಿತೆಂದರೆ ಎಲ್ಲಿಯೋ ದೋಷವಿದೆಯೆಂದು ಅದು ಹೇಳಿದಂತೆ.

ದೋಷಕ್ಕೆ ಆಸ್ಪದವೆಲ್ಲಿ? ಉದಕಮಂಡಲದಿಂದ ಕಲ್ಲಟ್ಟಿಯ ಮಾರ್ಗವಾಗಿ ಮಸಿನಗುಡಿಗೆ ಇಳಿಯುವ ಘಟ್ಟದಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳು. ಮನೆಯ ಗೋಡೆಯೊಳಗಣ ವೈರು ಐವತ್ತು ವರ್ಷ ಅಲುಗಾಡದೆ ಇರುತ್ತದೆ. ವ್ಯಾನಿನ ವೈರು ಪ್ರತಿ ತಿರುವಿನಲ್ಲಿಯೂ ಅಲುಗುತ್ತದೆ, ಉಜ್ಜುತ್ತದೆ. ತಗಡಿನಲ್ಲಿ ತೂತು ಕೊರೆದು ವೈರನ್ನು ತೂರಿಸುವಲ್ಲಿ ರಬ್ಬರಿನ ಬಳೆಯನ್ನು ಕೂರಿಸದಿದ್ದರೆ ತಗಡಿನ ಅಂಚು ಗರಗಸದಂತೆ ಕೆಲಸ ಮಾಡುತ್ತದೆ. ಒಂಟಿ ಗಟ್ಟಿತಂತಿಯ ವೈರು ಬಾಗಿ ಬಾಗಿ ತುಂಡಾಗುವುದರಿಂದ ಹಲವು ಎಳೆಗಳ ಮೆದುವೈರನ್ನೇ ಬಳಸಬೇಕು. ಎರಡು ತುದಿಗಳನ್ನು ಹೆಣೆದು ಟೇಪು ಸುತ್ತುವ ನಮ್ಮ ಚಿರಪರಿಚಿತ ವಿಧಾನವು ಇಲ್ಲಿ ಅಪಾಯಕರ. ಒತ್ತಿ ಬಿಗಿಯುವ ತಾಮ್ರದ ತೊಡವುಗಳನ್ನು ಹಾಕಿ, ಗೇಣಿಗೊಂದರಂತೆ ವೈರನ್ನು ಕಟ್ಟಿಹಾಕಬೇಕು. ಋಣ ತಂತಿಗೆ ಬದಲಾಗಿ ವ್ಯಾನಿನ ಒಡಲನ್ನೇ ಬಳಸುವ ರೂಢಿಯು ಮೋಟಾರು ಮೆಕ್ಯಾನಿಕರಲ್ಲಿದೆ. ತುಕ್ಕು ಹಿಡಿಯುವ ನಮ್ಮ ಹವೆಯಲ್ಲಿ, ಅದರಲ್ಲಿಯೂ ಹೊಸದಾಗಿ ಸೇರಿಸುವ ದೀಪಗಳಿಗೆ, ಎರಡು ತಂತಿಗಳನ್ನೂ ಬೇರೆಯಾಗಿ ಎಳೆಯುವುದೇ ಮೇಲು. ವಾಹನ ತಯಾರಕರು ಎಳೆದ ಮೂಲ ವೈರುಗಳನ್ನು ಕತ್ತರಿಸಿ ನಡುವೆ ಸೇರಿಸುವುದು ಬೇಡ. 2020ರ ನಂತರದ ವಾಹನಗಳಲ್ಲಿ ಅವುಗಳೊಡನೆ ಅನೇಕ ಗಣಕಮಂಡಲಗಳು ಬೆಸೆದುಕೊಂಡಿರುತ್ತವೆ.

ಖಾಲಿಯಾದ ಬ್ಯಾಟರಿಯನ್ನು ತುಂಬಿಸುವ ಬಗೆ ಹೇಗೆ? ಎಂಜಿನ್ನಿನ ಬ್ಯಾಟರಿಗೆ ನೇರವಾಗಿ ಕೂಡಿಸಿಬಿಟ್ಟರೆ ಎರಡೂ ಒಟ್ಟಿಗೇ ಬರಿದಾಗುತ್ತವೆ, ಪ್ರತ್ಯೇಕ ಬ್ಯಾಟರಿಯ ಉದ್ದೇಶವೇ ಕೆಡುತ್ತದೆ. ಎಲ್ಲಕ್ಕಿಂತ ಸುಲಭವಾದದ್ದು, ಮುಂಭಾಗದಲ್ಲಿರುವ ಸಿಗರೇಟು ಹಚ್ಚುವ ಸಾಕೆಟ್ಟಿನಿಂದ ಚಿಕ್ಕ ಚಾರ್ಜರು ಫಲಕವೊಂದರ ಮೂಲಕ ಒಂದೂವರೆ ಆಂಪಿಯರಿನಷ್ಟು ತೆಗೆಯುವುದು. ಬಹಳಷ್ಟು ವಾಹನಗಳಲ್ಲಿ ಕೀಲಿಯನ್ನು ತಿರುಗಿಸಿ ತೆಗೆದೊಡನೆ ಆ ಸಾಕೆಟ್ಟು ಸತ್ತುಹೋಗುವುದರಿಂದ ಎಂಜಿನ್ನಿನ ಬ್ಯಾಟರಿಗೆ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ನಿಮ್ಮದರಲ್ಲಿ ಹೇಗೆಂದು ಮೊದಲು ಪರೀಕ್ಷಿಸಿಕೊಳ್ಳಿ. ಗೂಡಲೂರಿನಿಂದ ಉದಕಮಂಡಲಕ್ಕೆ ಸುಮಾರು ಐವತ್ತು ಕಿಲೋಮೀಟರು. ಘಟ್ಟ ಹತ್ತಿ ಸೇರಲು ಎರಡು ಗಂಟೆ ಹಿಡಿದರೆ ಮೂರು ಆಂಪಿಯರ್-ಗಂಟೆ ತುಂಬಿತು. ನಿನ್ನೆಯ ರಾತ್ರಿಯ ಸಾಲ ಅಷ್ಟರಲ್ಲಿ ತೀರಿತು.

ದಿನಗಟ್ಟಲೆ ಒಂದೆಡೆ ನಿಲ್ಲುವವರಿಗೆ ಸೌರಫಲಕ ಒಪ್ಪುತ್ತದೆ. 20 ವ್ಯಾಟಿನ ಫಲಕವು ಒಳ್ಳೆಯ ಬಿಸಿಲಿನ ದಿನ ಸುಮಾರು 60 ವ್ಯಾಟ್-ಗಂಟೆಯನ್ನು ಬ್ಯಾಟರಿಗೆ ತಲುಪಿಸುತ್ತದೆ. ಎರಡು ರಾತ್ರಿಯ ದೀಪದ ವೆಚ್ಚ ಅದು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗೂಡಲೂರು, ದೇವಾಲಗಳ ಕಡೆಗೆ ಮೋಡವು ಕೆಳಗಿಳಿದು ಕೂತಾಗ ಅದರ ಕಾಲುಭಾಗವೂ ಬಾರದ ದಿನಗಳುಂಟು. ಮಳೆಯ ನೆರಳಿನಲ್ಲಿರುವ ಮಸಿನಗುಡಿಯಲ್ಲಿ ಅದೇ ಫಲಕವು ಚೆನ್ನಾಗಿ ದುಡಿಯುತ್ತದೆ. ಒಂದೇ ಜಿಲ್ಲೆಯ ಎರಡು ಊರುಗಳಿಗೆ ಒಂದೇ ಸಲಹೆ ಹೊಂದದಿರುವುದು ನಮ್ಮ ಬೆಟ್ಟದ ಸ್ವಭಾವ.

ಒಟ್ಟು ಖರ್ಚೆಷ್ಟೆಂದು ಕೇಳುವುದು ಸಹಜ. ಸಣ್ಣ ಬ್ಯಾಟರಿಗೆ ಸಾವಿರ ರೂಪಾಯಿಯ ಆಸುಪಾಸು. ದೀಪ, ವೈರು, ಫ್ಯೂಸುಪೆಟ್ಟಿಗೆ, ಸ್ವಿಚ್ಚು, ಮಾಪಕ, ಚಾರ್ಜರು ಫಲಕ ಇವೆಲ್ಲವೂ ಸೇರಿ ಇನ್ನೊಂದೂವರೆ ಎರಡು ಸಾವಿರ. ಸೌರಫಲಕವು ಇದರ ಹೊರಗಿನದು. ಹಣವನ್ನು ಉಳಿಸಬೇಕೆಂದಿದ್ದರೆ ದೀಪಗಳ ಸಂಖ್ಯೆಯಲ್ಲಿ ಉಳಿಸಿರಿ. ವೈರು ಮತ್ತು ಫ್ಯೂಸಿನಲ್ಲಿ ಬೇಡ. ಬಣ್ಣ ಬದಲಿಸುವ, ದೂರದಿಂದ ಗುಂಡಿಯೊತ್ತಿ ಕುಣಿಸುವ ಪಟ್ಟಿದೀಪಗಳು ಮದುವೆಯ ಚಪ್ಪರಕ್ಕೆ ಚೆಂದ.

ಇನ್ನು ಅಗ್ಗಿಷ್ಟಿಕೆಯ ಮಾತು. ಇದ್ದಿಲು ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಿಟಕಿಗಳನ್ನು ಏರಿಸಿದ ವ್ಯಾನಿನಲ್ಲಿ ಕೆಂಡವಿಟ್ಟು ಮಲಗಿದವರಿಗೆ ಮಂಪರು ಬಂದದ್ದು ನಿದ್ರೆಯೆಂದೇ ತೋರುತ್ತದೆ, ಎಚ್ಚರವಾಗುವುದಿಲ್ಲ. ಬಿಸಿಗಾಗಿ, ಬೆಳಕಿಗಾಗಿ ಎಂಜಿನ್ನನ್ನು ಓಡಿಸುತ್ತ ಮಲಗುವುದರಲ್ಲಿಯೂ ಇದೇ ಅಪಾಯವುಂಟು. ಚಳಿಗೆ ಕಂಬಳಿ, ಬೆಳಕಿಗೆ ವಿದ್ಯುದ್ದೀಪ ಎಂದು ಎರಡನ್ನೂ ಬೇರ್ಪಡಿಸಿಬಿಟ್ಟರೆ ವ್ಯಾನಿನೊಳಗೆ ಬೆಂಕಿಯನ್ನು ತರಲು ಕಾರಣವೇ ಉಳಿಯುವುದಿಲ್ಲ. ಐದು ವ್ಯಾಟಿನ ದೀಪಕ್ಕೆ ಇಷ್ಟುದ್ದದ ಲೇಖನವೇಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ಕಾನೂನಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ವಾಹನದ ಮೂಲ ಸ್ವರೂಪವನ್ನು ಬದಲಿಸಲು ಅವಕಾಶವಿಲ್ಲ. ಒಳಗಣ ದೀಪವೊಂದು ಆ ಮಟ್ಟದ ಬದಲಾವಣೆಯಲ್ಲ. ಆಸನಗಳನ್ನು ಕಿತ್ತು ಮಂಚ ಕಪಾಟುಗಳನ್ನು ಶಾಶ್ವತವಾಗಿ ಬಿಗಿಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಮುದುಮಲೆಯ ಅರಣ್ಯದೊಳಗಣ ರಸ್ತೆಯಲ್ಲಿ ವ್ಯಾನು ನಿಲ್ಲಿಸಿ ತಂಗುವ ಪ್ರಶ್ನೆಯೇ ಇಲ್ಲ. ಮಸಿನಗುಡಿಯಂತಹ ಕಾಡಂಚಿನ ಊರುಗಳಲ್ಲಿ ಒಪ್ಪಿಗೆಯಿರುವ ಅಂಗಳದಲ್ಲಿ ನಿಂತಾಗಲೂ ಕಿಟಕಿಗೆ ದಪ್ಪ ಪರದೆಯನ್ನು ಎಳೆದು ಬೆಳಕನ್ನು ಒಳಗೇ ಇರಿಸಿಕೊಳ್ಳಬೇಕು. ಹೊರಗೆ ಚೆಲ್ಲಿದ ಬೆಳಕಿಗೆ ಹುಳುಗಳು ಮುತ್ತುತ್ತವೆ. ಹಾದುಹೋಗುವ ಆನೆಗೂ ಆ ಬೆಳಕು ಬೇಕಿಲ್ಲ.

ಮಳೆಗಾಲ ಮುಗಿದೊಡನೆ ಒಂದು ಬಿಡುವಿನ ಹಗಲಿನಲ್ಲಿ ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವುದು ವಾಡಿಕೆಯಾಗಲಿ. ಮೊದಲು ಎಲ್ಲ ದೀಪಗಳನ್ನೂ ಅರ್ಧ ಗಂಟೆ ಉರಿಸಿ ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಬೆಚ್ಚಗಿರುವುದು ಸಡಿಲವಾಗಿದೆಯೆಂದು ಅರ್ಥ. ಬಳಿಕ ಫ್ಯೂಸನ್ನು ಕಿತ್ತು, ಧ್ರುವಗಳಲ್ಲಿ ಹಸಿರು ಬಿಳಿ ಕಿಲುಬು ಕಟ್ಟಿದ್ದರೆ ಬಿಸಿನೀರಿನಿಂದ ಒರಸಿ ಒಣಗಿಸಿ ತುಸು ವ್ಯಾಸಲೀನ್ ಸವರಬೇಕು. ರಬ್ಬರಿನ ಬಳೆಗಳು ತಮ್ಮ ಜಾಗದಲ್ಲಿವೆಯೇ ಎಂದು ನೋಡಬೇಕು. ಬದಲಿ ಫ್ಯೂಸುಗಳೆರಡನ್ನು, ಅವುಗಳ ಮೌಲ್ಯವನ್ನು ಬರೆದ ಚೀಟಿಯೊಡನೆ, ಫ್ಯೂಸುಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಟ್ಟರೆ ಕತ್ತಲಲ್ಲಿ ತಡಕಾಡುವ ಕೈಗೆ ಅವು ಸುಲಭವಾಗಿ ಸಿಗುತ್ತವೆ.